ಮೂಗಿನ ಉಬ್ಬು ಇಳಿಸಲು ಮೇಲಿಂದಲೇ ಉಜ್ಜಬೇಕಾ?

"ಏಪ್ರಿಲ್‌ನಲ್ಲಿ ಮದುವೆ ಡಾಕ್ಟ್ರೇ, ಅಷ್ಟರಲ್ಲಿ ಮೂಗಿನ ಉಬ್ಬು ತೆಗೆಸಬಹುದಾ?" ಕಾಫಿ ಕುಯ್ಲು ಮುಗಿಯುತ್ತಾ ಬಂದ ಹಾಗೆ ಮಡಿಕೇರಿ, ವಿರಾಜಪೇಟೆ ಕಡೆಯವರು ಕೇಳುವ ಪ್ರಶ್ನೆ ಇದು. ಬೇಡ ಅನ್ನುತ್ತೇನೆ. ಮೂಗಿನ ಮೇಲಿನ ಪಟ್ಟಿ ಒಂದು ವಾರಕ್ಕೆ ಬಿಚ್ಚಬಹುದು, ಕಣ್ಣಿನ ಸುತ್ತ ನೀಲಿಗಟ್ಟಿದ್ದು ಸುಮಾರು ಎರಡು ವಾರದಲ್ಲಿ ಹೋಗುತ್ತದೆ. ಆದರೆ ಒಳಗಿನ ಊತ, ಅದರಲ್ಲೂ ಮೂಗಿನ ತುದಿಯದು, ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯಬಹುದು.

ನನಗೆ ದಿನಾಂಕಕ್ಕಿಂತ ಜಾಸ್ತಿ ಚಿಂತೆ ವಿಧಾನದ್ದು. ಎಷ್ಟೋ ಜನರ ಮೂಗು ಎದುರಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಪಕ್ಕದಿಂದ ಮಾತ್ರ ಉಬ್ಬು ಕಾಣುತ್ತದೆ. ಅಂಥ ಮೂಗಿನ ದಿಂಡನ್ನು ಒಡೆದು ಮತ್ತೆ ಕಟ್ಟುವುದು ಯಾಕೆ?

ರೂಢಿಯ ವಿಧಾನದಲ್ಲಿ ಉಬ್ಬನ್ನು ಮೇಲಿಂದ ಕತ್ತರಿಸಿ, ಉಜ್ಜಿ ತೆಗೆಯುತ್ತಾರೆ. ಉಬ್ಬು ದೊಡ್ಡದಿದ್ದರೆ ಮೂಗಿನ ಮೇಲ್ಭಾಗ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಎರಡೂ ಪಕ್ಕದ ಎಲುಬನ್ನು ಕತ್ತರಿಸಿ ಒಳಕ್ಕೆ ತರಬೇಕು, ಮಧ್ಯಭಾಗಕ್ಕೆ ಕಾರ್ಟಿಲೇಜ್ (ಮೆದು ಎಲುಬು) ಚೂರುಗಳ ಆಸರೆ ಕೊಡಬೇಕು. ಪಳಗಿದ ಕೈಯಲ್ಲಿ ಇದು ಒಳ್ಳೆಯ ಶಸ್ತ್ರಚಿಕಿತ್ಸೆಯೇ. ಆಸರೆ ಸಾಲದಿದ್ದರೆ ಮಾತ್ರ ಮೂಗಿನ ನಡು ಚಿವುಟಿದ ಹಾಗೆ ಆಗುತ್ತದೆ, ಉಸಿರೂ ಕಟ್ಟುತ್ತದೆ. ಯಾಕೆಂದರೆ ಗಾಳಿ ಹೋಗುವ ದಾರಿಯಲ್ಲಿ ಅತಿ ಇಕ್ಕಟ್ಟಿನ ಜಾಗ ಅಲ್ಲೇ ಇದೆ. ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಗೂ ಪಕ್ಕದ ಕಾರ್ಟಿಲೇಜಿಗೂ ನಡುವಿನ ಕೋನ ಬರೀ 10ರಿಂದ 15 ಡಿಗ್ರಿ.

ಇನ್ನೊಂದು ವಿಧಾನ ಪ್ರಿಸರ್ವೇಷನ್ ರೈನೋಪ್ಲಾಸ್ಟಿ, ಅಂದರೆ ದಿಂಡನ್ನು ಉಳಿಸಿಕೊಂಡೇ ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆ. ಇದರಲ್ಲಿ ದಿಂಡಿನ ಮೇಲ್ಮೈಯನ್ನು ಆದಷ್ಟೂ ಮುಟ್ಟುವುದಿಲ್ಲ. ಹೆಂಚಿನ ಮಾಡನ್ನು ಬಿಚ್ಚದೆ, ಕೆಳಗಿನ ಕಂಬವನ್ನೇ ಗಿಡ್ಡ ಮಾಡಿ ಇಳಿಸಿದ ಹಾಗೆ. ನಡುಗೋಡೆಯಿಂದ ಒಂದು ತೆಳು ಪಟ್ಟಿ ತೆಗೆಯುತ್ತಾರೆ. ಪಕ್ಕದ ಎಲುಬುಗಳನ್ನು ಕೆನ್ನೆಗೆ ಸೇರುವ ಬುಡದಲ್ಲಿ ಬಿಡಿಸುತ್ತಾರೆ. ಆಗ ಇಡೀ ದಿಂಡು ಒಟ್ಟಾಗಿ ಕೆಳಗೆ ಕೂರುತ್ತದೆ. ಉಬ್ಬು ಸಣ್ಣದಿದ್ದರೆ ಎಲುಬನ್ನು ಒಳಕ್ಕೆ ಜಾರಿಸಿದರೆ ಸಾಕು, ಅದು ಪುಷ್ ಡೌನ್. ದೊಡ್ಡದಿದ್ದರೆ ಪಕ್ಕದಿಂದ ಸ್ವಲ್ಪ ಎಲುಬು ತೆಗೆದು ಇಳಿಸುತ್ತಾರೆ, ಅದು ಲೆಟ್ ಡೌನ್. ಇಲ್ಲದಿದ್ದರೆ ಒಳಕ್ಕೆ ಜಾರಿದ ಎಲುಬೇ ಉಸಿರಿಗೆ ಅಡ್ಡ ಬಂದೀತು.

ಹೊಸ ಹೆಸರು ಅಷ್ಟೇ, ವಿಚಾರ ಹಳೆಯದು. 19ನೇ ಶತಮಾನದ ಕೊನೆಯಲ್ಲೇ ಅಮೆರಿಕದ ವೈದ್ಯ ಗುಡೇಲ್ ಈ ದಾರಿ ಹಿಡಿದಿದ್ದರು. ಕಳೆದ ಶತಮಾನದ ಮಧ್ಯದಲ್ಲಿ ಷಿಕಾಗೋದ ಮೂಗಿನ ಸರ್ಜನ್ ಕಾಟಲ್ ಅದನ್ನು ಬೆಳೆಸಿದರು. ಈಗಿನ ಹೆಸರು 2018ರಲ್ಲಿ ಅಮೆರಿಕದ ಸರ್ಜನ್ ರೋಲಿನ್ ಡೇನಿಯಲ್ ಅವರ ಬರಹದಿಂದ ಜನಪ್ರಿಯವಾಯಿತು.

ಕಾಟಲ್ ಹೆಸರಿನ ಒಂದು ಸುಲಭ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಮೂಗಿನ ಪಕ್ಕದ ಕೆನ್ನೆಯ ಮೇಲೆ ಬೆರಳಿಟ್ಟು ಕಿವಿಯ ಕಡೆಗೆ ಮೆಲ್ಲಗೆ ಎಳೆಯಿರಿ, ಉಸಿರು ತೆಗೆದುಕೊಳ್ಳಿ. ಸಲೀಸಾಯಿತು ಅನ್ನಿಸಿದರೆ ಆ ಇಕ್ಕಟ್ಟಿನ ಜಾಗದಲ್ಲೇ ತೊಂದರೆ ಇರಬಹುದು. ಶೀತ, ಅಲರ್ಜಿಯಿಂದಲೂ ಹೀಗಾಗುತ್ತದೆ. ನಮ್ಮ ಮಳೆಗಾಲದ ಥಂಡಿ ಗೊತ್ತೇ ಇದೆಯಲ್ವಾ! ಹಾಗಾಗಿ ಮೂಗಿನ ಒಳಗೆ ನೋಡದೆ, ಸುಮ್ನೆ ಫೋಟೊ ನೋಡಿ ಆಪರೇಷನ್ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ.

ಈ ವಿಧಾನ ಎಲ್ಲರಿಗೂ ಹೊಂದುವುದಿಲ್ಲ. ಕೊಡಗಿನಲ್ಲಿ ಹಾಕಿ ಆಡದ ಊರು ಸಿಗುವುದು ಕಷ್ಟ. ಚೆಂಡು, ಸ್ಟಿಕ್ ತಾಗಿ ಮುರಿದು ಸೊಟ್ಟಗಾದ ಮೂಗಿನಲ್ಲಿ ಕಾಪಾಡಬೇಕಾದ ದಿಂಡೇ ಹಾಳಾಗಿರುತ್ತದೆ. ಅದನ್ನು ಬಿಚ್ಚಿ ಕಟ್ಟುವುದೇ ಹೆಚ್ಚಾಗಿ ಸರಿಯಾದ ದಾರಿ. ಒಮ್ಮೆ ಆಪರೇಷನ್ ಆದ ಮೂಗಿಗೂ ಸಾಮಾನ್ಯವಾಗಿ ಇದು ಒಗ್ಗುವುದಿಲ್ಲ. ಇನ್ನೊಂದು ಮಾತು: ಇಳಿಸಿದ ದಿಂಡು ಕೆಲವರಲ್ಲಿ ಸ್ವಲ್ಪ ಮೇಲೇಳುತ್ತದೆ, ಉಬ್ಬು ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಏನು ಮಾಡುತ್ತೀರಿ ಅಂತ ನಿಮ್ಮ ಸರ್ಜನ್ ಹತ್ತಿರ ಆಪರೇಷನ್‌ಗೆ ಮೊದಲೇ ಕೇಳಿ. ಉಸಿರಾಟ ಈಗ ಹೇಗಿದೆ, ಆಮೇಲೆ ಹೇಗಿರಬಹುದು ಅನ್ನುವುದನ್ನೂ ಬಿಡಿಸಿ ಹೇಳಿಸಿಕೊಳ್ಳಿ.