ಹಳೇ ಜರ್ಮನ್ ತೋಟಾ: ತಳದ ಮುದ್ರೆ ಓದೋದು ಯಾಕಿಷ್ಟು ಕಷ್ಟ?

ಹಳೇ ಜರ್ಮನ್ ರೈಫಲ್ ತೋಟಾ ಸಂಗ್ರಹಿಸುವವರ ನಡುವೆ ಒಂದು ಜಗಳ ಮುಗಿಯುವುದೇ ಇಲ್ಲ. ಇದು ಯಾವ ಕಾರ್ಖಾನೆಯದು, ಯಾವ ವರ್ಷದ್ದು, ಮೇಲಿರುವ ಗುಂಡು ಯಾವ ಬಗೆಯದು? ಉತ್ತರ ತೋಟಾದ ತಳದಲ್ಲೇ ಇದೆ. ಆದರೆ ಆ ಮುದ್ರೆಯ ಪದ್ಧತಿಯೇ ಮತ್ತೆ ಮತ್ತೆ ಬದಲಾಯಿತು.

1888ರಲ್ಲಿ ಬಂದದ್ದು 14.6 ಗ್ರಾಂ ತೂಕದ ಮೊಂಡು ಮೂತಿಯ ಗುಂಡು, 1905ರ ಹೊತ್ತಿಗೆ ಅದರ ಜಾಗಕ್ಕೆ 10 ಗ್ರಾಂನ ಚೂಪು ಗುಂಡು. ಮೊದಲ ಮಹಾಯುದ್ಧದ ತೋಟಾಗಳಲ್ಲಿ ಕಾರ್ಖಾನೆಯ ಅಕ್ಷರ, ತಿಂಗಳು, ವರ್ಷ ಮತ್ತು 'ಎಸ್67' ಇರುತ್ತಿತ್ತು. 67 ಅಂದರೆ ತೋಟಾದ ಕೇಸ್, ಅಂದರೆ ಮದ್ದು ತುಂಬುವ ಹೊರಕವಚದ ಹಿತ್ತಾಳೆಯಲ್ಲಿ ನೂರಕ್ಕೆ 67 ಪಾಲು ತಾಮ್ರ.

ನಿಜವಾದ ತೊಡಕು ಶುರುವಾಗುವುದು ಜರ್ಮನಿಯ ಶಸ್ತ್ರ ತಯಾರಿಕೆಗೆ ಮಿತಿ ಹಾಕಿದ 1919ರ ವರ್ಸೇಲ್ಸ್ ಒಪ್ಪಂದದ ನಂತರ. ತೋಟಾ ತಯಾರಿಸುವ ಅನುಮತಿ ಮ್ಯಾಗ್ಡೆಬರ್ಗ್‌ನ ಪೋಲ್ಟೆ ಕಾರ್ಖಾನೆಗೆ ಸಿಕ್ಕಿತು. 1920ರ ದಶಕದ ನಡುವಿನಿಂದ ತಳದಲ್ಲಿ 'ಪಿ' ಮತ್ತು ಒಂದು ಸಂಖ್ಯೆ ಬರತೊಡಗಿತು. ಬರೀ 'ಪಿ' ಇದ್ದರೆ ಪೋಲ್ಟೆ, 'ಪಿ131' ಇದ್ದರೆ ಬರ್ಲಿನ್ನಿನ ಬೋರ್ಸಿಗ್‌ವಾಲ್ಡೆಯ ಕಾರ್ಖಾನೆ. 1940ರಿಂದ ಅದೂ ಹೋಗಿ ಸಣ್ಣಕ್ಷರದ ಗುಪ್ತ ಸಂಕೇತ ಬಂತು, ಪೋಲ್ಟೆ 'ಎಯುಎಕ್ಸ್' ಆಯಿತು.

'ಪಿ' ಅಥವಾ ಗುಪ್ತ ಸಂಕೇತದ ಕಾಲದ ತೋಟಾ ಕೈಗೆ ಸಿಕ್ಕರೆ ತಳವನ್ನು ಗಡಿಯಾರದ ಹಾಗೆ ಓದಿ. ಮೇಲೆ ಕಾರ್ಖಾನೆ, ಬಲಕ್ಕೆ ಲೋಹ, ಕೆಳಗೆ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ), ಎಡಕ್ಕೆ ವರ್ಷ. 'ಎಸ್' ಜೊತೆ ನಕ್ಷತ್ರ ಇದ್ದರೆ 72 ಪಾಲು ತಾಮ್ರದ ಹಿತ್ತಾಳೆ, 'ಎಸ್‌ಟಿ' ಇದ್ದರೆ ಉಕ್ಕು. ಎರಡನೇ ಮಹಾಯುದ್ಧ ಮುಂದುವರಿದು ತಾಮ್ರ ಸಾಲದೆ ಹೋದಂತೆ ಉಕ್ಕಿನ ಕೇಸ್‌ಗಳೇ ಜಾಸ್ತಿಯಾದವು. ಸೀಸಕ್ಕೂ ಬರ ಬಂತು, ಗುಂಡಿನೊಳಗೆ ಕಬ್ಬಿಣ ತುಂಬಿದರು. ಅಂಥವಕ್ಕೆ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಪುಟ್ಟ ಬಟ್ಟಲು) ಸುತ್ತ ನೀಲಿ ಬಳೆ, ಆಗಿನ 12.8 ಗ್ರಾಂನ ಸಾಮಾನ್ಯ ಗುಂಡಿಗೆ ಹಸಿರು. ಕೆಳಗಿನ ಅಂಕಿ ಹಿಂದಿನ ಯುದ್ಧದ ತೋಟಾದಲ್ಲಿದ್ದಂತೆ ತಿಂಗಳು ಅಂದುಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ.

ಮುದ್ರೆ ಹೇಳದ್ದನ್ನು 15 ತೋಟಾಗಳ ರಟ್ಟಿನ ಪೆಟ್ಟಿಗೆ ಹೇಳುತ್ತದೆ. ಮದ್ದು, ಗುಂಡು, ಕೇಸ್, ಪ್ರೈಮರ್ ಎಲ್ಲದರ ವಿವರವೂ ಅದರ ಚೀಟಿಯಲ್ಲೇ ಇರುತ್ತದೆ. ಆದರೆ ಪೆಟ್ಟಿಗೆ ಒಡೆದು ಬಿಡಿಬಿಡಿಯಾಗಿ ಮಾರುವುದು ರೂಢಿಯಾಗಿಬಿಟ್ಟಿದೆ, ಫಳಫಳ ಹೊಳೆಯಲಿ ಅಂತ ಉಜ್ಜಿ ಆ ಬಣ್ಣದ ಬಳೆಯನ್ನೂ ಅಳಿಸುತ್ತಾರೆ. ಹಾಗೆ ಹೋದ ಮಾಹಿತಿ ಮತ್ತೆ ಸಿಗಲ್ಲ ಅಲ್ವಾ?

ಇನ್ನು ನಮ್ಮವರಿಗೆ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಜೀವಂತ ತೋಟಾ ಒಂದನ್ನು ಇಟ್ಟುಕೊಳ್ಳುವುದೂ ಅಪರಾಧ. ಅಂಥದ್ದು ಸಿಕ್ಕರೆ ಬಿಚ್ಚಲು ಹೋಗಬೇಡಿ, ರಂಜಕ ಮತ್ತು ಸ್ಫೋಟಕ ತುಂಬಿದ ಗುಂಡುಗಳೂ ಆಗ ತಯಾರಾಗಿದ್ದವು.