ಹಳೆಯ ಫ್ಲೂಟ್, ಪಿಕೊಲೊ ಗುರುತಿಸುವುದು: ಹೆಸರನ್ನು ಕೊನೆಗೆ ನೋಡಿ

ಹಿರಿಯರಿಂದ ಬಂದ ಪೆಟ್ಟಿಗೆ ತೆರೆದೊಡನೆ ಕಣ್ಣು ಹೋಗುವುದು ವಾದ್ಯದ ಮೇಲಿನ ಮುದ್ರೆಯ ಕಡೆಗೆ. ಆದರೆ ಮುದ್ರೆಯಲ್ಲಿರುವ ಹೆಸರು ತಯಾರಕರದೇ ಆಗಿರಬೇಕಿಲ್ಲ. ಮಾರಿದ ಅಂಗಡಿಯವರದೂ ಇರಬಹುದು. ಜರ್ಮನಿಯ ಎಷ್ಟೋ ಮರದ ಫ್ಲೂಟ್‌ಗಳಿಗೆ ಹೆಸರೇ ಇಲ್ಲ. ಕೆಲವದರ ಮೇಲೆ 'ಮೇಯರ್' ಎಂದಿದ್ದರೂ ಅದು ಹ್ಯಾನೋವರ್‌ನ ಮೇಯರ್ ಮಾದರಿಯ ನಕಲು ಮಾತ್ರ. ಹಾಗಾಗಿ ಮೊದಲು ವಾದ್ಯದ ಒಡಲು ನೋಡೋಣ.

ಊದುವ ತೂತಿರುವ ತಲೆಭಾಗ ಕಳಚಿ, ನಡುಭಾಗದ ಎರಡೂ ತುದಿಯ ಒಳವ್ಯಾಸ ಅಳೆಯಿರಿ. ಕೆಳಗೆ ಹೋದಂತೆ ಕಿರಿದಾದರೆ ಅದು ಶಂಕುವಿನ ಕೊಳವೆ. ಇದರಲ್ಲಿ ಸಾಮಾನ್ಯವಾಗಿ ಬೆರಳಿನಿಂದಲೇ ಮುಚ್ಚುವ ಆರು ತೂತುಗಳು, ಜೊತೆಗೆ ಒಂದರಿಂದ ಎಂಟು, ಕೆಲವೊಮ್ಮೆ ಇನ್ನೂ ಹೆಚ್ಚು ಕೀಗಳು (ತೂತು ಮುಚ್ಚಿ ತೆರೆಯುವ ಲೋಹದ ಸನ್ನೆಗಳು) ಇರುತ್ತವೆ. ಎರಡೂ ತುದಿ ಒಂದೇ ಅಳತೆಯಾದರೆ ಮ್ಯೂನಿಕ್‌ನ ಫ್ಲೂಟ್ ತಯಾರಕ ಥಿಯೊಬಾಲ್ಡ್ ಬೋಮ್ 1847ರಲ್ಲಿ ತಂದ ವಿನ್ಯಾಸ. ಅಲ್ಲಿ ಕಿರಿದಾಗುವುದು ತಲೆಭಾಗ, ಅದೂ ಅದರ ಮುಚ್ಚಿದ ತುದಿಯ ಕಾರ್ಕ್ ಬಿರಡೆ ಇರುವ ಕಡೆಗೆ. ಇವೆರಡರ ನಡುವಿನದು ಅವರದೇ 1832ರ ಮಾದರಿ: ಉಂಗುರದ ಕೀಗಳಿದ್ದರೂ ಕೊಳವೆ ಶಂಕುವೇ. ಒಂದು ಎಚ್ಚರಿಕೆ: ಇದರಿಂದ ತಿಳಿಯುವುದು ಪದ್ಧತಿ, ವಯಸ್ಸಲ್ಲ. ಆರು ತೂತಿನ ಫ್ಲೂಟ್‌ಗಳು ಇಪ್ಪತ್ತನೇ ಶತಮಾನದಲ್ಲೂ ತಯಾರಾದವು.

ಫ್ಲೂಟ್‌ನ ಪುಟ್ಟ ರೂಪವಾದ ಪಿಕೊಲೊಗೆ ಈ ಅಳತೆ ಉಪಯೋಗವಿಲ್ಲ, ಇಂದಿನ ಮರದ ಪಿಕೊಲೊ ಕೂಡ ಹೆಚ್ಚಾಗಿ ಶಂಕುವೇ. ಅಲ್ಲಿ ಕೇಳಬೇಕಾದ್ದು ಸಿ ಪಿಕೊಲೊನೋ ಡಿ ಫ್ಲಾಟ್ ಪಿಕೊಲೊನೋ ಎಂದು (ಫ್ಲಾಟ್ ಎಂದರೆ ಅರ್ಧ ಸ್ವರ ಕೆಳಗಿನದು). ಡಿ ಸ್ವರಕ್ಕೆ ಬೆರಳಿಟ್ಟು ಊದಿ; ಸ್ವರ ಗುರುತಿಸುವ ಟ್ಯೂನರ್ ಇ ಫ್ಲಾಟ್ ತೋರಿಸಿದರೆ ಅದು ಡಿ ಫ್ಲಾಟ್ ಪಿಕೊಲೊ. ಸೇನಾ ಬ್ಯಾಂಡ್‌ಗಳಲ್ಲಿ ಬಹುಕಾಲ ನುಡಿದದ್ದು ಇದೇ. ಸಿ ಪಿಕೊಲೊಗೆ ಬರೆದ ಪುಟವನ್ನು ಹಾಗೆಯೇ ಇದರಲ್ಲಿ ನುಡಿಸಿದರೆ ಎಲ್ಲವೂ ಅರ್ಧ ಸ್ವರ ಮೇಲೆ ಬರುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಶ್ರುತಿ, ಆದರೂ ಜನ ಇದನ್ನೇ ಮರೆಯುತ್ತಾರೆ. ಬ್ರಿಟನ್‌ನಲ್ಲಿ ಒಂದು ಕಾಲಕ್ಕೆ ಎ ಸ್ವರ ಸುಮಾರು 452 ಹರ್ಟ್ಸ್ ಇತ್ತು, ಫ್ರಾನ್ಸ್ 1859ರಲ್ಲಿ 435 ಎಂದು ಗೊತ್ತುಮಾಡಿತು, ಈಗಿನದು 440. ಕೆಲವು ವಾದ್ಯಗಳ ಮೇಲೆ 'ಎಚ್.ಪಿ.' (ಏರುಶ್ರುತಿ) ಅಥವಾ 'ಎಲ್.ಪಿ.' (ಇಳಿಶ್ರುತಿ) ಎಂಬ ಗುರುತು ಇರುತ್ತದೆ. ಇಲ್ಲದಿದ್ದರೆ ಊದಿ ನೋಡಿ. ಕೀಗಳಡಿಯ ಮೆತ್ತೆ (ಪ್ಯಾಡ್) ಸೋರಿ ಸ್ವರವೇ ಹೊರಡದಿದ್ದರೆ ಊದುವ ತೂತಿನ ನಡುವಿನಿಂದ ಕೊನೆಯವರೆಗೆ ಅಳೆಯಿರಿ: ಸಿವರೆಗೆ ಇಳಿಯುವ ಇಂದಿನ ಬೋಮ್ ಫ್ಲೂಟ್ ಸುಮಾರು 60 ಸೆಂ.ಮೀ., ಏರುಶ್ರುತಿಯದು ಅದಕ್ಕಿಂತ ಒಂದೂವರೆ ಸೆಂ.ಮೀ.ನಷ್ಟು ಗಿಡ್ಡ. ಏರುಶ್ರುತಿಯನ್ನು ಇಳಿಸಲು ತಲೆಭಾಗ ಹೊರಗೆಳೆದರೆ ಸಾಲದೇ? ಸಾಲದು. ಹಾಗೆ ಎಳೆದಾಗ ಮೇಲಿನ ತೂತುಗಳ ಸ್ವರ ಹೆಚ್ಚು ಇಳಿಯುತ್ತದೆ, ಕೆಳಗಿನವುಗಳದು ಕಡಿಮೆ. ಇಡೀ ಸ್ವರಶ್ರೇಣಿಯೇ ಅಪಶ್ರುತಿಯಾಗುತ್ತದೆ. ಹಾಗಾಗಿ ಏರುಶ್ರುತಿಯದು ಎಂಥ ಸೊಗಸಾದ ವಾದ್ಯವಾದರೂ ಇಂದಿನ ಮೇಳಕ್ಕೆ ಕೂಡುವುದಿಲ್ಲ.

ಲೋಹದ ಮಾತು ಚಿಕ್ಕದು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಿಜವಾದ ಬೆಳ್ಳಿಗೆ 'ಸ್ಟರ್ಲಿಂಗ್', 925 ಅಥವಾ ಸರ್ಕಾರಿ ಹಾಲ್‌ಮಾರ್ಕ್ ಹುಡುಕಿ. ಬ್ರಿಟಿಷ್ ಹಾಲ್‌ಮಾರ್ಕಿನ ಅಕ್ಷರ ವರ್ಷವನ್ನೂ ಹೇಳುತ್ತದೆ.

ಈಗ ಹೆಸರು. ಪಾಲಿಶ್ ಮಾಡಬೇಡಿ, ಸವೆದ ಮುದ್ರೆ ಪೂರ್ತಿ ಅಳಿಸಿಹೋಗುತ್ತದೆ. ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಮರದ ಮೇಲಿನ ಮಸುಕು ಅಕ್ಷರಗಳೂ ಎದ್ದು ಕಾಣುತ್ತವೆ. ಪ್ಯಾರಿಸ್‌ನ ತಯಾರಕ ಲೂಯಿ ಲೋ ಹೆಸರಿನ ಫ್ಲೂಟ್‌ಗಳ ಕಾಲವನ್ನು ಕ್ರಮಸಂಖ್ಯೆಯಿಂದ ಅಂದಾಜಿಸಬಹುದು. ಲಂಡನ್‌ನ ರುಡಾಲ್ ಕಾರ್ಟ್ ಕಂಪನಿಯ ವಾದ್ಯಗಳಲ್ಲಿ ವಿಳಾಸವೂ ಸಾಕ್ಷಿ. 23, ಬರ್ನರ್ಸ್ ಸ್ಟ್ರೀಟ್ ಎಂದಿದ್ದರೆ 1878ಕ್ಕಿಂತ ಹಿಂದಿನದಲ್ಲ.

ವರ್ಷಗಟ್ಟಲೆ ಮುಟ್ಟದ ಮರದ ವಾದ್ಯವನ್ನು ನಿಮಿಷಕ್ಕಿಂತ ಹೆಚ್ಚು ಊದಬೇಡಿ. ಒಳಗೆ ಲೋಹದ ಕೊಳವೆ ಇರುವ ತಲೆಭಾಗ ಬೇಗ ಬಿರಿಯುತ್ತದೆ: ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ದಂತದ ಉಂಗುರವೋ ತಲೆಭಾಗವೋ ಇದ್ದರೆ, ವಿದೇಶಕ್ಕೆ ಒಯ್ಯುವ ಮುನ್ನ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಮ ವಿಚಾರಿಸಿಕೊಳ್ಳಿ.