ಜೈಲಿನಲ್ಲಿದ್ದುಕೊಂಡು ಬುದ್ಧನ ದಾರಿ ಹಿಡಿಯಬಹುದಾ?

ಪ್ರಶ್ನೆ: ನನ್ನ ತಮ್ಮ ವಿಚಾರಣಾಧೀನ ಕೈದಿಯಾಗಿ ಚಿತ್ರದುರ್ಗದ ಜೈಲಿನಲ್ಲಿದ್ದಾನೆ. ಬುದ್ಧನ ದಾರಿಯಲ್ಲಿ ನಡೀಬೇಕು ಅಂತಾನೆ. ಅಲ್ಲಿ ಭಿಕ್ಷುಗಳಿಲ್ಲ, ಮೂರ್ತಿಯಿಲ್ಲ, ಊಟವೂ ಅವರು ಕೊಟ್ಟಿದ್ದೇ. ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ ಅಕ್ಕ. ಮೂರ್ತಿ, ಊದುಬತ್ತಿ ಇಲ್ಲದೆಯೂ ನಡೆಯುತ್ತದೆ. ಬೆಳಿಗ್ಗೆ ಎದ್ದು ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು ಎನ್ನುವುದು), ಪಂಚಶೀಲ (ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಮುಂತಾದ ಐದು ನಿಯಮಗಳು) ಹೇಳಿಕೊಂಡರೆ ಶುರುವಾಯಿತು. ಊಟದ ಚಿಂತೆ ಬಿಡಿ. ಬುದ್ಧನ ಕಾಲದ ಭಿಕ್ಷುಗಳೂ ಪಾತ್ರೆಗೆ ಬಿದ್ದದ್ದನ್ನೇ ಉಂಡವರು.

ಕಷ್ಟ ಇರುವುದು ಶೀಲ ಪಾಲಿಸುವುದರಲ್ಲಿ. ಪಕ್ಕದವನ ಸೋಪನ್ನು ಕೇಳದೆ ಮುಟ್ಟಬಾರದು. ಬೈದವನ ಮೇಲೆ ಕೈ ಎತ್ತಬಾರದು. ಜಗಳ ಯಾರು ಶುರು ಮಾಡಿದ್ದು ಅಂತ ವಾರ್ಡರ್ ಕೇಳಿದಾಗ ಸುಳ್ಳು ಹೇಳಬಾರದು. ಹೊರಗಿರುವ ನಮಗೆ ಇದು ಬಾಯಿಪಾಠ. ಒಂದೇ ಬ್ಯಾರಕ್‌ನಲ್ಲಿ ದಿನವಿಡೀ ಅವರಿವರ ಜೊತೆ ಇರಬೇಕಾದವನಿಗೆ ಗಂಟೆಗೊಂದು ಪರೀಕ್ಷೆ. ಹಾಗಾಗಿಯೇ ಅಲ್ಲಿ ಪಾಲಿಸಿದ ಶೀಲಕ್ಕೆ ಬೆಲೆ ಜಾಸ್ತಿ ಅಂತ ನಾನು ನಂಬಿದ್ದೇನೆ.

ಧ್ಯಾನಕ್ಕೆ ಮೌನ ಬೇಕಲ್ವಾ ಅಂತೀರಿ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಲಗುವ ಜಾಗದಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂರಲಿ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬಂದು ಹೋಗುವುದನ್ನು ಸುಮ್ನೆ ಗಮನಿಸಲಿ. ಯಾರೋ ಕೂಗಿದಾಗ ಮನಸ್ಸು ಅತ್ತ ಓಡುತ್ತದೆ. ಸಿಟ್ಟಾಗದೆ ಮತ್ತೆ ಉಸಿರಿಗೆ ತರಲಿ. ಇದೇ ಆನಾಪಾನ. 1975ರಲ್ಲಿ ಧ್ಯಾನದ ಗುರು ಎಸ್.ಎನ್. ಗೋಯೆಂಕಾ ಜೈಪುರದ ಜೈಲಿನಲ್ಲಿ ವಿಪಸ್ಸನ ಎಂಬ ಬೌದ್ಧ ಧ್ಯಾನದ ಶಿಬಿರ ನಡೆಸಿದ್ದರು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ 10 ದಿನ ಕೂತರು. ಈ ಶಿಬಿರಗಳಲ್ಲಿ ಮೊದಲ 3 ದಿನ ಇದೇ ಉಸಿರಿನ ಅಭ್ಯಾಸ.

ಸಂವಿಧಾನದ 25ನೇ ವಿಧಿ ಕೊಟ್ಟ ಧರ್ಮದ ಸ್ವಾತಂತ್ರ್ಯ ಜೈಲಿನ ಗೇಟಿನಲ್ಲಿ ಮುಗಿಯುವುದಿಲ್ಲ. ಆದರೆ ಜೈಲಿನ ನಿಯಮ ಇದ್ದೇ ಇರುತ್ತದೆ. ಪುಸ್ತಕ ಕೊಡುವುದಿದ್ದರೆ ಸೂಪರಿಂಟೆಂಡೆಂಟ್‌ಗೆ ಅರ್ಜಿ ಬರೆದು ಕೇಳಿ. ಪುಸ್ತಕ ತಡವಾದರೆ ನಿಮ್ಮ ಜಿಲ್ಲೆಯದೇ ಮಾತು ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ಹೇಳಬೇಕು. ಭೇಟಿಗೆ ಹೋದಾಗ ಇಷ್ಟು ಹೇಳಿ ಬನ್ನಿ. ಬೇರೆ ಕಡೆಗಳಲ್ಲಿ ಸಿಕ್ಕ ಅಶೋಕನ ಐದನೇ ಬಂಡೆ ಶಾಸನದಲ್ಲಿ ಸೆರೆಯಲ್ಲಿರುವವರ ಪ್ರಸ್ತಾಪವೂ ಇದೆ. ಮಕ್ಕಳಿರುವವರು, ವಯಸ್ಸಾದವರು ಅಂತ ನೋಡಿ ನೆರವಾಗುವುದು ಅಶೋಕ ನೇಮಿಸಿದ್ದ ಅಧಿಕಾರಿಗಳಾದ ಧಮ್ಮ ಮಹಾಮಾತ್ರರ ಕೆಲಸವಾಗಿತ್ತು.

ಧ್ಯಾನ ಮಾಡಿದರೆ ಕೇಸು ಬಿದ್ದುಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಹಲವರನ್ನು ಕೊಂದಿದ್ದ ಅಂಗುಲಿಮಾಲ ಭಿಕ್ಷುವಾದ ಮೇಲೂ ಊರೊಳಗೆ ಕಲ್ಲೇಟು ತಿಂದ. ಸಹಿಸಿಕೋ ಎಂದ ಬುದ್ಧ. ನಿಮ್ಮ ತಮ್ಮನ ವಿಷಯ ಕೋರ್ಟು ತೀರ್ಮಾನಿಸಬೇಕು. ವಕೀಲರ ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಬಂಧನದಲ್ಲಿರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.